ಮಳೆ ಪುಸ್ತಕದ ಪಕ್ಕದಲ್ಲೊಂದು ಸೂರ್ಯನ ಪುಸ್ತಕ: ಮಲೆನಾಡಿನ ಅಂಗಳದಿಂದ ಸೌರಕಲೆ ಎಣಿಸುವ ಸಮಗ್ರ ಮಾರ್ಗದರ್ಶಿ

ಮಲೆನಾಡಿನ ತೋಟದ ಮನೆಗಳಿಗೆ ಮಳೆ ಪುಸ್ತಕ ಹೊಸದಲ್ಲ. ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳೆದು ಮಿಲಿಮೀಟರಿನಲ್ಲೋ ಹಳೆಯ ಇಂಚು–ಸೆಂಟಿನ ಲೆಕ್ಕದಲ್ಲೋ ಬರೆದಿಡುವವರು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಈಗಲೂ ಇದ್ದಾರೆ. ಅದೇ ಶಿಸ್ತಿನಿಂದ ಸೂರ್ಯನದೂ ಒಂದು ಲೆಕ್ಕವಿಡಬಹುದು. ಸೂರ್ಯನ ಮೇಲಿನ ಕಲೆಗಳನ್ನು ದಿನವೂ ಎಣಿಸಿ ಬರೆದರೆ ಸುಮಾರು 11 ವರ್ಷಗಳಲ್ಲಿ ಅವು ಏರಿ ಇಳಿಯುವುದು ನಿಮ್ಮದೇ ಪುಸ್ತಕದಲ್ಲಿ ಕಾಣುತ್ತದೆ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. "ಸೂರ್ಯನಲ್ಲಿ ಕಲೆ ಹೆಚ್ಚಾಗಿದೆಯಂತೆ, ಈ ವರ್ಷ ಮಳೆ ಕೈಕೊಡುತ್ತದಂತೆ" ಎಂಬ ಮಾತು ಕಟ್ಟೆಯಲ್ಲೂ ಮೊಬೈಲಿನಲ್ಲೂ ಬಂದಾಗ, ಅದನ್ನು ಎರಡು ಪುಸ್ತಕಗಳನ್ನು ಎದುರುಬದುರು ಇಟ್ಟು ಪರೀಕ್ಷಿಸಬಹುದು.

ಎಣಿಸುವುದು ಏನನ್ನು

ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಒಳಗಿನಿಂದ ಬಲವಾದ ಕಾಂತಕ್ಷೇತ್ರ ಎದ್ದುಬಂದ ಜಾಗದಲ್ಲಿ ಶಾಖ ಮೇಲೆ ಬರುವುದಕ್ಕೆ ತಡೆಯಾಗುತ್ತದೆ. ಅಲ್ಲಿ ಉಷ್ಣತೆ 4,000 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಸುತ್ತಲಿನ ಪ್ರಖರತೆಯ ನಡುವೆ ಆ ಜಾಗ ಕಪ್ಪಗೆ ಕಾಣುತ್ತದೆ, ಅದೇ ಸೌರಕಲೆ. ಕಲೆಗಳು ಕಾಂತಕ್ಷೇತ್ರದ ತಾಣಗಳೆಂದು ಅಮೆರಿಕದ ಜಾರ್ಜ್ ಹೇಲ್ 1908ರಲ್ಲಿ ತೋರಿಸಿದ. ಏರಿಳಿತವಿದೆ ಎಂಬುದು ಅದಕ್ಕೂ ಮೊದಲೇ ಗೊತ್ತಾಗಿತ್ತು, ಅದೂ ಒಬ್ಬ ಹವ್ಯಾಸಿಯಿಂದ. ಜರ್ಮನಿಯ ಡೆಸ್ಸೌ ಊರಿನ ಔಷಧ ವ್ಯಾಪಾರಿ ಹೈನ್ರಿಕ್ ಶ್ವಾಬೆ, ಬುಧನಿಗಿಂತ ಒಳಗೆ ಯಾವುದಾದರೂ ಗ್ರಹ ಸೂರ್ಯನ ಮುಂದೆ ಹಾದುಹೋಗುತ್ತದೆಯೇ ಎಂದು ಹುಡುಕಲು 1826ರಿಂದ ಬಿಸಿಲಿದ್ದ ದಿನವೆಲ್ಲ ಕಲೆಗಳನ್ನು ಗುರುತಿಸುತ್ತ ಹೋದ. ಗ್ರಹ ಸಿಗಲಿಲ್ಲ. 1843ರ ಹೊತ್ತಿಗೆ, ಕಲೆಗಳೇ ಸುಮಾರು ಹತ್ತು ವರ್ಷಕ್ಕೊಮ್ಮೆ ಹೆಚ್ಚಿ ತಗ್ಗುತ್ತವೆ ಎಂಬುದು ಅವನ ಪುಸ್ತಕದಿಂದ ಹೊರಬಂತು. ನಾವು ಮಾಡಲು ಹೊರಟಿರುವುದು ಅವನ ಕೆಲಸವನ್ನೇ.

ಮೊದಲು ಕಣ್ಣು

ಇಲ್ಲಿ ರಿಯಾಯಿತಿ ಇಲ್ಲ. ಬರಿಗಣ್ಣಿನಿಂದ, ದುರ್ಬೀನಿನಿಂದ, ದೂರದರ್ಶಕದಿಂದ ಸೂರ್ಯನನ್ನು ನೇರವಾಗಿ ನೋಡಬಾರದು. ರೆಟಿನಾ ಸುಡುವಾಗ ನೋವಾಗುವುದಿಲ್ಲ; ಗೊತ್ತಾಗುವ ಹೊತ್ತಿಗೆ ಹಾನಿ ಮುಗಿದಿರುತ್ತದೆ. ಎಕ್ಸ್‌ರೇ ಫಿಲ್ಮ್, ಮಸಿ ಹಿಡಿಸಿದ ಗಾಜು, ಸಿಡಿ, ಎರಡೆರಡು ತಂಪು ಕನ್ನಡಕ, ಬಟ್ಟಲಿನ ಸಗಣಿ ನೀರಿನ ಪ್ರತಿಬಿಂಬ ಇವೆಲ್ಲ ಗ್ರಹಣದ ದಿನ ಹೊರಬರುವ ಹಳೆಯ ಉಪಾಯಗಳು. ಯಾವುದನ್ನೂ ನಂಬಬೇಡಿ. ಐಎಸ್ಒ 12312-2 ಗುರುತಿರುವ, ಗೀರು ಬೀಳದ ಗ್ರಹಣ ಕನ್ನಡಕ ಅಥವಾ 14ನೇ ಸಂಖ್ಯೆಯ ವೆಲ್ಡಿಂಗ್ ಗಾಜು ಬರಿಗಣ್ಣಿನ ನೋಟಕ್ಕೆ ಸಾಕು. ಅದನ್ನು ಹಾಕಿಕೊಂಡು ದುರ್ಬೀನಿನೊಳಗೆ ಇಣುಕಿದರೆ ಮಾತ್ರ ಅದು ನಿಮಿಷವೂ ಉಳಿಯುವುದಿಲ್ಲ, ಕಣ್ಣೂ ಉಳಿಯುವುದಿಲ್ಲ.

ಅಗ್ಗದ ದೂರದರ್ಶಕಗಳ ಜೊತೆ ಐಪೀಸಿಗೆ (ಕಣ್ಣಿಡುವ ತುದಿಯ ಮಸೂರಕ್ಕೆ) ತಿರುಗಿಸಿ ಕೂರಿಸುವ ಕಪ್ಪು ಗಾಜಿನ ಬಿಲ್ಲೆಯೊಂದು ಬರುವುದುಂಟು. ಅದರ ಮೇಲೆ ಬೆಳಕು ಒಟ್ಟಾಗಿ ಬೀಳುವುದರಿಂದ ಬಿಸಿಗೆ ಸೀಳುತ್ತದೆ. ಮನೆಗೆ ತಂದ ದಿನವೇ ಅದನ್ನು ಒಡೆದು ಎಸೆಯಿರಿ. ಎಲ್ಲೋ ಎತ್ತಿಟ್ಟರೆ ಮಕ್ಕಳು ಹುಡುಕಿ ಹಾಕುತ್ತಾರೆ. ಆಗುಂಬೆಯ ಸೂರ್ಯಾಸ್ತಕ್ಕೂ ಇದೇ ಮಾತು. ಕೆಂಪಾದ ಸೂರ್ಯ ಕಣ್ಣಿಗೆ ಹಿತವೆನಿಸಿದರೂ ಅಲ್ಲಿ ದುರ್ಬೀನು ಎತ್ತಬೇಡಿ.

ಗ್ರಹಣ ಕನ್ನಡಕವೊಂದಿದ್ದರೆ ಇವತ್ತೇ ಆರಂಭಿಸಬಹುದು. ಸೂರ್ಯ ಚೆನ್ನಾಗಿ ಮೇಲೇರಿದಾಗ ಅರ್ಧ ನಿಮಿಷ ನೋಡಿ. ಬಹಳ ದೊಡ್ಡ ಕಲೆಗುಂಪುಗಳು ಮಾತ್ರ ಸೂಜಿಮೊನೆಯಷ್ಟು ಕಪ್ಪಾಗಿ ಕಾಣುತ್ತವೆ. 2024ರ ಮೇ ತಿಂಗಳಲ್ಲಿ ಭೂಮಿಯ ಅಗಲದ ಸುಮಾರು 15 ಪಟ್ಟು ಹಬ್ಬಿದ್ದ, ವಿಜ್ಞಾನಿಗಳ ಪಟ್ಟಿಯಲ್ಲಿ 13664ನೇ ಸಂಖ್ಯೆಯ ಗುಂಪು ಹೀಗೆ ಕಾಣುತ್ತಿತ್ತು. ಅಂಥದ್ದು ಅಪರೂಪ, ಆದ್ದರಿಂದ ಎಣಿಕೆಗೆ ಬೇರೆ ದಾರಿ ಬೇಕು.

ಕನ್ನಡಕದ ಅಂಗಡಿಯ ಮಸೂರ

ರಟ್ಟಿನಲ್ಲಿ ಸೂಜಿತೂತು ಮಾಡಿ ಬಿಂಬ ಬೀಳಿಸುವ ವಿಧಾನ ಗ್ರಹಣಕ್ಕೆ ಸರಿ, ಕಲೆಗೆ ಸಾಲದು, ಬಿಂಬ ಮಸುಕಾಗಿರುತ್ತದೆ. ಅದಕ್ಕಿಂತ ತುಸು ಜಾಣತನದ ಉಪಾಯವೆಂದರೆ ಕನ್ನಡಕದ ಅಂಗಡಿಯಿಂದ +0.25 ಪವರಿನ ಬಿಡಿ ಮಸೂರವೊಂದನ್ನು ತರುವುದು. ಕತ್ತರಿಸದ ದುಂಡು ಮಸೂರವನ್ನೇ ಕೇಳಿ. 1ನ್ನು ಪವರಿನಿಂದ ಭಾಗಿಸಿದರೆ ಮೀಟರಿನಲ್ಲಿ ನಾಭಿದೂರ (ಮಸೂರದಿಂದ ಸೂರ್ಯನ ಬಿಂಬ ಚೂಪಾಗಿ ಬೀಳುವ ದೂರ) ಸಿಗುತ್ತದೆ, ಅಂದರೆ ಇಲ್ಲಿ 4 ಮೀಟರ್.

ಮುಂದಿನ ಲೆಕ್ಕಕ್ಕೆಲ್ಲ ಒಂದೇ ಸಂಖ್ಯೆ ನೆನಪಿರಲಿ: 108. ಸೂರ್ಯನ ದೂರವನ್ನು ಅದರ ಅಗಲದಿಂದ ಭಾಗಿಸಿದರೆ ಬರುವುದು ಸುಮಾರು ಇಷ್ಟೇ. ಜಪಮಾಲೆಯ ಮಣಿಗಳ ಸಂಖ್ಯೆಯೂ ಅದೇ ಆಗಿರುವುದರಿಂದ ಮರೆಯುವ ಭಯವಿಲ್ಲ. ಅದರಾಚೆಗೆ ಅರ್ಥ ಹುಡುಕುವುದನ್ನು ಆಸಕ್ತರಿಗೆ ಬಿಡುತ್ತೇನೆ. ನಾಭಿದೂರವನ್ನು 108ರಿಂದ ಭಾಗಿಸಿದರೆ ಬಿಂಬದ ಅಗಲ. 4,000 ಮಿಲಿಮೀಟರಿಗೆ ಸುಮಾರು 37 ಮಿಲಿಮೀಟರ್.

ಈ ಕೆಲಸಕ್ಕೆ ಮಲೆನಾಡಿನ ಹಳೆಯ ಮನೆಗಳ ಕತ್ತಲ ನಡುಮನೆ ಹೇಳಿ ಮಾಡಿಸಿದಂತಿದೆ. ರಟ್ಟಿನಲ್ಲಿ 20ರಿಂದ 25 ಮಿಲಿಮೀಟರ್ ಅಗಲದ ದುಂಡು ತೂತು ಕೊರೆದು ಅದಕ್ಕೆ ಮಸೂರವನ್ನು ಅಂಟಿಸಿ, ಆ ರಟ್ಟನ್ನು ಕಿಟಕಿಗೆ ಹೊಂದಿಸಿ. ಉಳಿದ ಸಂದುಗಳನ್ನೆಲ್ಲ ಗೋಣಿಚೀಲದಿಂದ ಮುಚ್ಚಿ. ಹೊರಗೆ ಅಂಗಳದಲ್ಲಿ ಸ್ಟೂಲಿನ ಮೇಲೆ ಸಣ್ಣ ಚಪ್ಪಟೆ ಕನ್ನಡಿಯನ್ನು ನಿಲ್ಲಿಸಿ, ಬಿಸಿಲನ್ನು ಮಸೂರದ ಮೇಲೆ ತಿರುಗಿಸಿ. ಒಳಗೆ ಮಸೂರದಿಂದ 4 ಮೀಟರ್ ದೂರದಲ್ಲಿ ಬಿಳಿ ರಟ್ಟನ್ನು ಹಿಡಿದು, ಅಂಚು ಚೂಪಾಗುವವರೆಗೆ ಹಿಂದೆ ಮುಂದೆ ಸರಿಸಿ. ತೂತಿಗಿಂತ ಬಿಂಬವೇ ದೊಡ್ಡದಾದ್ದರಿಂದ ಬೆಳಕು ಹರಡಿರುತ್ತದೆ, ಕಾಗದ ಸುಡುವ ಭಯವಿಲ್ಲ. ಆದರೆ ಬಿಂಬ ಬೀಳುವ ಜಾಗದಲ್ಲಿ ನಿಂತು ಮಸೂರದ ಕಡೆಗೆ ಯಾರೂ ನೋಡಬಾರದು. ಹೊರಗೆ ಕನ್ನಡಿಯನ್ನು ದಿಟ್ಟಿಸುವುದೂ ಸಲ್ಲದು. ಬಿಂಬ ಎರಡು ನಿಮಿಷಕ್ಕೆ ತನ್ನ ಅಗಲದಷ್ಟು ಸರಿದುಹೋಗುವುದರಿಂದ ಕನ್ನಡಿಯ ಬಳಿ ಒಬ್ಬರು, ಕಾಗದದ ಬಳಿ ಒಬ್ಬರು ಇದ್ದರೆ ಸಲೀಸು. ಶಾಲೆಯಲ್ಲಿ ಮಾಡಿಸುವುದಾದರೆ ನನ್ನ ಆಯ್ಕೆ ಇದೇ: ಒಡೆದರೆ ನಷ್ಟ ಕಡಿಮೆ, ನೋಡುವ ಕಣ್ಣುಗಳು ಹೆಚ್ಚು.

ದೂರದರ್ಶಕವಿದ್ದರೆ

ನಿತ್ಯದ ದಾಖಲೆಗೆ 50 ಅಥವಾ 60 ಮಿಲಿಮೀಟರಿನ ಮಸೂರದ ದೂರದರ್ಶಕ ಸಾಕು. ದೊಡ್ಡದಿದ್ದರೆ ಮುಂಭಾಗಕ್ಕೆ ರಟ್ಟು ಹಾಕಿ 50 ಮಿಲಿಮೀಟರಿಗೆ ಇಳಿಸಿ. ಪಕ್ಕದಲ್ಲಿರುವ ಪುಟ್ಟ ಗುರಿನಳಿಗೆಯನ್ನು ಕಳಚಿಬಿಡಿ. ಅದಕ್ಕೆ ಮುಚ್ಚಳ ಹಾಕಲು ಮರೆತು ಕೂದಲು, ಬಟ್ಟೆ ಸುಟ್ಟುಕೊಂಡವರಿದ್ದಾರೆ. ಐಪೀಸು ಹಳೆಯ ಬಗೆಯ, ಅಂಟು ಹಾಕಿ ಕೂಡಿಸದ ಎರಡು ಬಿಡಿ ಗಾಜುಗಳದ್ದಾಗಿರಲಿ. ಪ್ಲಾಸ್ಟಿಕ್ ಐಪೀಸು ಕರಗುತ್ತದೆ, ಅಂಟಿಸಿದ ಗಾಜು ಬಿಸಿಗೆ ಬಿಡುತ್ತದೆ.

ಗುರಿ ಹಿಡಿಯಲು ಕಣ್ಣು ಬೇಡ, ನೆರಳು ಸಾಕು. ನಳಿಗೆಯ ನೆರಳು ನೆಲದ ಮೇಲೆ ಅತಿ ಚಿಕ್ಕದಾದಾಗ ಸೂರ್ಯ ಒಳಗೆ ಬಂದಿರುತ್ತಾನೆ. ಐಪೀಸಿನ ಹಿಂದೆ ಬಿಳಿ ಕಾಗದ ಹಚ್ಚಿದ ಹಲಗೆ ಇಡಿ. ಹಲಗೆಯ ಮೇಲೆ ಬಿಸಿಲು ಬೀಳದಂತೆ ನಳಿಗೆಯ ಸುತ್ತ ರಟ್ಟಿನ ಕೊರಳಪಟ್ಟಿ ಹಾಕಿ. ಎಷ್ಟು ದೂರದಲ್ಲಿಡಬೇಕು? ಬೇಕಾದ ಬಿಂಬದ ಅಗಲವನ್ನು 108ರಿಂದ ಗುಣಿಸಿ ವರ್ಧನೆಯಿಂದ ಭಾಗಿಸಿ. 700 ಮಿಲಿಮೀಟರ್ ನಾಭಿದೂರಕ್ಕೆ 20 ಮಿಲಿಮೀಟರಿನ ಐಪೀಸು ಹಾಕಿದರೆ, 700ನ್ನು 20ರಿಂದ ಭಾಗಿಸಿ, ವರ್ಧನೆ 35. 15 ಸೆಂಟಿಮೀಟರಿನ ಬಿಂಬಕ್ಕೆ 15ನ್ನು 108ರಿಂದ ಗುಣಿಸಿ 35ರಿಂದ ಭಾಗಿಸಿ: ಸುಮಾರು 46 ಸೆಂಟಿಮೀಟರ್. ಈ 15 ಸೆಂಟಿಮೀಟರನ್ನು ಮುಂದೆ ಎಂದೂ ಬದಲಿಸಬೇಡಿ. ಎಲ್ಲ ದಿನಗಳ ಚಿತ್ರಗಳೂ ಒಂದೇ ಅಳತೆಯವಾದರೆ ಮಾತ್ರ ಒಂದರ ಮೇಲೊಂದು ಇಟ್ಟು ಹೋಲಿಸಬಹುದು.

ಸೂರ್ಯನತ್ತ ತಿರುಗಿಸಿದ ದೂರದರ್ಶಕವನ್ನು ಬಿಟ್ಟು ಒಳಗೆ ಕಾಫಿಗೆ ಹೋಗಬೇಡಿ. ನೀವು ಒಳಗಿರುವ ಎರಡು ನಿಮಿಷದಲ್ಲೇ ಯಾರಾದರೂ ಬಂದು ಕಣ್ಣಿಡುತ್ತಾರೆ.

ಹೊತ್ತು ಮತ್ತು ಋತು

ಚಳಿಗಾಲದಲ್ಲಿ ಕಣಿವೆಯ ಮಂಜು ಕರಗುವುದೇ ಎಂಟು ಎಂಟೂವರೆಗೆ. ಅಲ್ಲಿಂದ ಹತ್ತು ಗಂಟೆಯವರೆಗಿನ ಹೊತ್ತು ಒಳ್ಳೆಯದು. ನೆಲ ಕಾದ ಮೇಲೆ ಬಿಸಿಗಾಳಿಯೆದ್ದು ಬಿಂಬ ನಡುಗುತ್ತದೆ. ಸಿಮೆಂಟಿನ ಅಂಗಳ ಮತ್ತು ಹೆಂಚಿನ ಮಾಡಿನ ಮೇಲಿನಿಂದ ನೋಡುವುದಕ್ಕಿಂತ ಹುಲ್ಲಿನ ಅಥವಾ ನೀರಿನ ಮೇಲಿನ ನೋಟ ಶಾಂತ. ಅಡಿಕೆ ತೋಟದೊಳಗೆ ಸೋಗೆಗಳ ನೆರಳಿನಿಂದ ಕೆಲಸ ಸಾಗದು, ಆದರೆ ಅಡಿಕೆ ಒಣಗಿಸಲು ಮಾಡಿಕೊಂಡ ತೆರಪು ಪ್ರತಿ ಮನೆಯಲ್ಲೂ ಇದ್ದೇ ಇರುತ್ತದೆ. ಶಿವಮೊಗ್ಗ 14 ಡಿಗ್ರಿ ಉತ್ತರ ಅಕ್ಷಾಂಶಕ್ಕೆ ಹತ್ತಿರವಿರುವುದರಿಂದ ಏಪ್ರಿಲ್ ಕೊನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ. ಆಗ ಹಲಗೆ ನಳಿಗೆಯ ಕೆಳಗೆ ಹೋಗಿ ಕೂರಲೂ ಆಗುವುದಿಲ್ಲ, ಬಗ್ಗಲೂ ಆಗುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಸ್ತಕ ಬಹುಪಾಲು ಖಾಲಿ. ಆಗುಂಬೆ, ಹುಲಿಕಲ್ಲಿನ ಕಡೆಯವರಿಗೆ ವಾರಗಟ್ಟಲೆ ಸೂರ್ಯನ ಮುಖವೇ ಕಾಣದು. ಚಳ್ಳಕೆರೆ, ಹಿರಿಯೂರಿನಂಥ ಬಯಲುಸೀಮೆಯಲ್ಲಿ ನಂಟರೋ ಗೆಳೆಯರೋ ಇದ್ದರೆ ಅವರಿಗೂ ಈ ಹುಚ್ಚು ಹಿಡಿಸಿ. ಮಳೆಗಾಲದ ದಿನಗಳು ಅವರ ಪಾಲಿಗಿರಲಿ. ಆದರೆ ಅವರ ಎಣಿಕೆಯನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆಯಿರಿ. ದೂರದರ್ಶಕವನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು, ತಿಂಗಳಿಗೊಮ್ಮೆ ಪೊಟ್ಟಣಗಳನ್ನು ಒಣಗಿಸಿ. ಇಲ್ಲವಾದರೆ ಆರಿದ್ರಾ ಮಳೆಯಲ್ಲಿ ಒಳಗಿಟ್ಟ ಮಸೂರ ಸ್ವಾತಿ ಮಳೆಯ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ.

ಚಿತ್ರ ಬರೆಯುವುದು

ಹಾಳೆಯಲ್ಲಿ ಮೊದಲೇ 15 ಸೆಂಟಿಮೀಟರಿನ ವೃತ್ತ ಬರೆದಿಟ್ಟು, ಬಿಂಬವನ್ನು ಅದರೊಳಗೆ ಕೂರಿಸಿ. ಮೊದಲು ದಿಕ್ಕು. ದೂರದರ್ಶಕವನ್ನು ಅಲುಗಿಸದೆ ಬಿಟ್ಟರೆ ಬಿಂಬ ಒಂದು ಬದಿಗೆ ಸರಿಯುತ್ತದೆ. ಅದು ಸರಿಯುವ ಬದಿ ಪಶ್ಚಿಮ. ಒಂದು ಕಲೆ ಸರಿದ ದಾರಿಯನ್ನು ಗೆರೆಯಾಗಿ ಎಳೆದರೆ ಪೂರ್ವ–ಪಶ್ಚಿಮ ಸಿಕ್ಕಿತು. ಬಳಿಕ ನಳಿಗೆಯನ್ನು ಉತ್ತರಕ್ಕೆ ಸ್ವಲ್ಪ ತಳ್ಳಿ. ಮೊದಲು ಮರೆಯಾಗುವ ಅಂಚು ದಕ್ಷಿಣ. ಕನ್ನಡಿ, ಪ್ರಿಸಂಗಳ ಕಾರಣದಿಂದ ಎಡಬಲ ಹೇಗೆ ತಿರುಗಿದ್ದರೂ ಈ ವಿಧಾನ ತಪ್ಪುವುದಿಲ್ಲ.

ಮುಂದೆ ಕಲೆಗಳು. ಚೂಪು ಪೆನ್ಸಿಲಿನಿಂದ ಕಪ್ಪು ನಡುಭಾಗವನ್ನು ತುಂಬಿ, ಸುತ್ತಲಿನ ಬೂದುಬಣ್ಣದ ಅಂಚನ್ನು ಬರಿ ಗೆರೆಯಲ್ಲಿ ತೋರಿಸಿ. ಕಾಗದವನ್ನು ಮೆಲ್ಲಗೆ ಅಲುಗಿಸಿ: ಕಾಗದದ ಜೊತೆ ಅಲುಗಿದ್ದು ಕಾಗದದ ಚುಕ್ಕೆ. ನಳಿಗೆಯನ್ನು ತಟ್ಟಿ: ಬಿಂಬದ ಜೊತೆ ಸರಿಯದೆ ನಿಂತಲ್ಲೇ ನಿಂತದ್ದು ಐಪೀಸಿನ ಧೂಳು. ದಿನಾಂಕ, ಸಮಯ, ಗಾಳಿಯ ಸ್ಥಿತಿ (ಶಾಂತ, ನಡುಕ, ಮೋಡ) ಬರೆಯಿರಿ. ಹೊರಗಿನ ದಾಖಲೆಗಳು ಅಂತರರಾಷ್ಟ್ರೀಯ ಸಮಯದಲ್ಲಿರುವುದರಿಂದ ನಮ್ಮ ಗಂಟೆಯಿಂದ ಐದೂವರೆ ಕಳೆದು ಅದನ್ನೂ ಪಕ್ಕದಲ್ಲಿ ಹಾಕಿ.

ನಾಸಾದ ಸೌರ ಉಪಗ್ರಹದ ಅಂದಿನ ಚಿತ್ರ ಮೊಬೈಲಿನಲ್ಲಿ ಸುಲಭವಾಗಿ ಸಿಗುತ್ತದೆ. ನಿಮ್ಮ ಚಿತ್ರ ಮುಗಿಯುವವರೆಗೆ ಅದನ್ನು ತೆರೆಯಬೇಡಿ. ತೆರೆದು ನೋಡಿದ ಕಣ್ಣು ಇಲ್ಲದ ಕಲೆಯನ್ನೂ ಕಾಣುತ್ತದೆ. ಮುಗಿದ ಮೇಲೆ ಹೋಲಿಸಿ, ಆದರೆ ಬಿಟ್ಟುಹೋದ ಕಲೆಯನ್ನು ಸೇರಿಸಬೇಡಿ.

ಎಣಿಕೆ

1848ರಲ್ಲಿ ಸ್ವಿಟ್ಜರ್ಲೆಂಡಿನ ರುಡಾಲ್ಫ್ ವೋಲ್ಫ್ ಹಾಕಿಕೊಟ್ಟ ಸೂತ್ರವೇ ಇಂದಿಗೂ ಬಳಕೆಯಲ್ಲಿದೆ: ಗುಂಪುಗಳ ಸಂಖ್ಯೆಯನ್ನು 10ರಿಂದ ಗುಣಿಸಿ, ಅದಕ್ಕೆ ಒಟ್ಟು ಬಿಡಿ ಕಲೆಗಳ ಸಂಖ್ಯೆಯನ್ನು ಕೂಡಿಸಿ. ಮೂರು ಗುಂಪುಗಳಲ್ಲಿ ಕ್ರಮವಾಗಿ 5, 1, 9 ಕಲೆಗಳಿದ್ದರೆ 30ಕ್ಕೆ 15 ಸೇರಿ 45. ಒಂದೇ ಒಂದು ಒಂಟಿ ಕಲೆಯಿದ್ದರೂ ಅದು ಒಂದು ಗುಂಪು, ಆದ್ದರಿಂದ 11. ಒಂದರಿಂದ ಹತ್ತರವರೆಗಿನ ಸಂಖ್ಯೆ ಈ ಪುಸ್ತಕದಲ್ಲಿ ಎಂದೂ ಬರುವುದಿಲ್ಲ. ಬಂದರೆ ಕೂಡಿಸಿದ್ದು ತಪ್ಪಾಗಿದೆ.

ಕಷ್ಟವಿರುವುದು ಯಾವುದು ಒಂದು ಗುಂಪು, ಯಾವುದು ಎರಡು ಎಂಬಲ್ಲಿ. ಕಲೆಗಳು ಸಾಮಾನ್ಯವಾಗಿ ಜೋಡಿಯಾಗಿ, ಪೂರ್ವ–ಪಶ್ಚಿಮವಾಗಿ ಹಬ್ಬುತ್ತವೆ. ಮುಂದಿನದು ಒಂದು ಕಾಂತಧ್ರುವ, ಹಿಂದಿನದು ವಿರುದ್ಧ ಧ್ರುವ. ಹಾಗೆ ಅಡ್ಡಕ್ಕೆ ಸಾಲಾಗಿರುವುದನ್ನು ಒಂದೇ ಗುಂಪೆಂದು ಹಿಡಿಯಿರಿ. ಉತ್ತರ–ದಕ್ಷಿಣವಾಗಿ ಸ್ಪಷ್ಟ ಅಂತರವಿದ್ದರೆ ಬೇರೆ ಬೇರೆ. ಅನುಮಾನ ಬಂದಾಗ ನಾಳೆಯ ಚಿತ್ರ ನೋಡಿ ತೀರ್ಮಾನಿಸಬಹುದು, ಆದರೆ ಒಮ್ಮೆ ಹಾಕಿಕೊಂಡ ನಿಯಮವನ್ನು ವರ್ಷದ ನಡುವೆ ಬದಲಿಸಬಾರದು.

ಮೋಡವಿದ್ದ ದಿನ ಅಡ್ಡಗೆರೆ, ಕಲೆಯಿಲ್ಲದ ದಿನ ಸೊನ್ನೆ. ಇವೆರಡನ್ನು ಬೆರೆಸಿದ ಪುಸ್ತಕದಿಂದ ಏನೂ ಪ್ರಯೋಜನವಿಲ್ಲ.

ತಿಂಗಳ ಕೊನೆಯಲ್ಲಿ ನೋಡಿದ ದಿನಗಳ ಸರಾಸರಿ ತೆಗೆಯಿರಿ. ಜಗತ್ತಿನ ಅಧಿಕೃತ ಸಂಖ್ಯೆಯನ್ನು ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿರುವ ರಾಯಲ್ ವೀಕ್ಷಣಾಲಯ ಪ್ರಕಟಿಸುತ್ತದೆ, ಉಚಿತವಾಗಿ. ನೀವು ನೋಡಿದ ದಿನಗಳದ್ದೇ ಅವರ ಸಂಖ್ಯೆಗಳನ್ನು ತೆಗೆದು ಸರಾಸರಿ ಮಾಡಿ, ನಿಮ್ಮ ಸರಾಸರಿಯಿಂದ ಭಾಗಿಸಿ. ಅವರದು 96, ನಿಮ್ಮದು 72 ಆಗಿದ್ದರೆ ನಿಮ್ಮ ಗುಣಾಂಕ 1.33. ಅದು ನಿಮ್ಮ ಮಸೂರ, ನಿಮ್ಮ ಕಣ್ಣು, ನಿಮ್ಮ ಅಂಗಳದ ಗಾಳಿ ಎಲ್ಲವನ್ನೂ ಒಳಗೊಂಡ ಸಂಖ್ಯೆ. ಅದು ಒಂದಕ್ಕೆ ಹತ್ತಿರವಿರಬೇಕೆಂದೇನೂ ಇಲ್ಲ, ತಿಂಗಳಿಂದ ತಿಂಗಳಿಗೆ ಹೊಯ್ದಾಡದಿದ್ದರೆ ಸಾಕು.

ಚಕ್ರದಲ್ಲಿ ನಾವೆಲ್ಲಿದ್ದೇವೆ

ಕೆಲವು ವಾರಗಳ ಚಿತ್ರಗಳನ್ನು ಬೆಳಕಿಗೆ ಹಿಡಿದು ಒಂದರ ಮೇಲೊಂದು ಇಡಿ. ಪೂರ್ವದ ಅಂಚಿನಲ್ಲಿ ಮೂಡಿದ ಕಲೆ ಸುಮಾರು 13 ದಿನಗಳಲ್ಲಿ ಪಶ್ಚಿಮದಂಚಿಗೆ ಹೋಗಿ ಮರೆಯಾಗುತ್ತದೆ. ದೀರ್ಘಾಯುಷಿಯಾದರೆ ಎರಡು ವಾರ ಬಿಟ್ಟು ಮತ್ತೆ ಪೂರ್ವದಲ್ಲಿ ಹುಟ್ಟುತ್ತದೆ. ನಮ್ಮಿಂದ ನೋಡಿದಾಗ ಸೂರ್ಯನ ಒಂದು ಸುತ್ತು ಸುಮಾರು 27 ದಿನ.

ಇನ್ನೂ ಸೊಗಸಾದ್ದು ಕಲೆಗಳ ಅಕ್ಷಾಂಶ. ಚಕ್ರದ ಆರಂಭದಲ್ಲಿ ಅವು ಸೂರ್ಯನ ಸಮಭಾಜಕದಿಂದ 30 ಡಿಗ್ರಿಯ ಆಸುಪಾಸಿನಲ್ಲಿ ಮೂಡುತ್ತವೆ, ಚಕ್ರ ಸಾಗಿದಂತೆ ಸಮಭಾಜಕದತ್ತ ಇಳಿಯುತ್ತ ಬರುತ್ತವೆ. ಆನಿ ಮತ್ತು ವಾಲ್ಟರ್ ಮೌಂಡರ್ ದಂಪತಿ 1904ರಲ್ಲಿ ಇದನ್ನು ನಕ್ಷೆಗಿಳಿಸಿದಾಗ ಚಿಟ್ಟೆಗಳ ಸಾಲಿನಂಥ ಆಕೃತಿ ಬಂತು. ಎಣಿಕೆಯಲ್ಲಿ ಎಡವಿದವರಿಗೂ ಈ ನಕ್ಷೆ ಸರಿಯಾಗಿಯೇ ಬರುತ್ತದೆ, ಅದಕ್ಕೇ ನನಗಿದು ಮೆಚ್ಚು. ತಮಿಳುನಾಡಿನ ಕೊಡೈಕೆನಾಲ್ ವೀಕ್ಷಣಾಲಯ ಇಪ್ಪತ್ತನೆಯ ಶತಮಾನದ ಆರಂಭದಿಂದ ತೆಗೆಯುತ್ತ ಬಂದ ಸೂರ್ಯನ ಚಿತ್ರಗಳಿಂದಲೂ ಇಂಥ ನಕ್ಷೆಗಳನ್ನು ಮಾಡಿದ್ದಾರೆ.

ಚಕ್ರಗಳಿಗೆ ಸಂಖ್ಯೆ ಕೊಡುವುದು 1755ರಲ್ಲಿ ಆರಂಭವಾದದ್ದನ್ನು ಒಂದೆಂದು ಹಿಡಿದು. ಈಗ ನಡೆಯುತ್ತಿರುವುದು 25ನೆಯದು, 2019ರ ಡಿಸೆಂಬರ್‌ನಲ್ಲಿ ಶುರುವಾದದ್ದು. ಅದರ 13 ತಿಂಗಳ ಸರಾಸರಿ ಸಂಖ್ಯೆ 2024ರ ಅಕ್ಟೋಬರ್‌ನಲ್ಲಿ ಸುಮಾರು 161ಕ್ಕೆ ಏರಿ ಈಗ ಇಳಿಮುಖವಾಗಿದೆ. ಹಿಂದಿನದರ ಶಿಖರ 2014ರಲ್ಲಿ 116. ದಾಖಲಾದ ಅತಿ ಎತ್ತರದ್ದು 1958ರಲ್ಲಿ 285. "11 ವರ್ಷ" ಎಂಬುದು ಸರಾಸರಿ ಮಾತ್ರ, ಒಂದೊಂದು ಚಕ್ರ 9ರಿಂದ 14 ವರ್ಷದವರೆಗೂ ನಡೆದದ್ದುಂಟು. 1645ರಿಂದ 1715ರವರೆಗೆ ಕಲೆಗಳು ಹೆಚ್ಚುಕಡಿಮೆ ಮಾಯವಾಗಿಯೇ ಇದ್ದವು.

ಭೂಮಿಗೆ ಏನು ತಲುಪುತ್ತದೆ, ಶಿವಮೊಗ್ಗದಿಂದ ಏನನ್ನು ಪರೀಕ್ಷಿಸಬಹುದು

ಕಲೆಗಳು ತಾವಾಗಿ ಏನನ್ನೂ ಕಳುಹಿಸುವುದಿಲ್ಲ. ಅವುಗಳ ಸುತ್ತ ಹೊಸೆದುಕೊಂಡ ಕಾಂತಕ್ಷೇತ್ರ ಸಡಿಲವಾಗುವಾಗ ಸೌರಜ್ವಾಲೆ ಸಿಡಿಯುತ್ತದೆ. ಅದರ ಎಕ್ಸ್ ಕಿರಣ ಎಂಟು ನಿಮಿಷ ಚಿಲ್ಲರೆಯಲ್ಲಿ ನಮ್ಮನ್ನು ಮುಟ್ಟುತ್ತದೆ. ಕೆಲವೊಮ್ಮೆ ಅದರ ಜೊತೆ ಕಾಂತಕ್ಷೇತ್ರ ಹೊತ್ತ ಪ್ಲಾಸ್ಮಾದ (ವಿದ್ಯುದಾವೇಶವಿರುವ ಅನಿಲದ) ಮೋಡವೂ ಹೊರಡುತ್ತದೆ. ಅದು ಬರಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಅದನ್ನು ದಾರಿಯಲ್ಲೇ ಗಮನಿಸುವ ಕಾವಲುಗಳಲ್ಲಿ ನಮ್ಮ ಆದಿತ್ಯ-ಎಲ್1 ಕೂಡ ಒಂದು. 2023ರ ಸೆಪ್ಟೆಂಬರ್ 2ರಂದು ಹೊರಟು, 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆ ತಲುಪಿತು.

ಮೊದಲ ಪರೀಕ್ಷೆ ರೇಡಿಯೋದ್ದು. ಅಟ್ಟದಲ್ಲಿ ಕಿರುತರಂಗ ಪಟ್ಟಿಯಿರುವ ಹಳೆಯ ರೇಡಿಯೋ ಇದ್ದರೆ ಇಳಿಸಿ. ಹಗಲಿನಲ್ಲಿ ದೂರದ ಒಂದು ನಿಲಯವನ್ನು ಹಿಡಿದು ಕೇಳುತ್ತಿರಿ. ಎಕ್ಸ್ ದರ್ಜೆಯ, ಅಂದರೆ ಅತಿ ಬಲವಾದ, ಜ್ವಾಲೆ ಸಿಡಿದಾಗ, ಆಗ ಇಲ್ಲಿ ಹಗಲಾಗಿದ್ದರೆ, ಧ್ವನಿ ಕೆಲವೇ ನಿಮಿಷಗಳಲ್ಲಿ ಕುಸಿದು ಒಂದು ಗಂಟೆಯವರೆಗೂ ಏಳದಿರಬಹುದು. ಅಯಾನುಗೋಳದ (ವಾತಾವರಣದ ಮೇಲ್ಭಾಗದಲ್ಲಿ ವಿದ್ಯುದಾವೇಶ ಪಡೆದ ವಲಯದ) ಕೆಳಪದರ ದಪ್ಪಗಾಗಿ ತರಂಗವನ್ನು ನುಂಗುವುದು ಕಾರಣ. ನಿಲಯ ಸದ್ದಡಗಿದ ಸಮಯವನ್ನು ಬರೆದಿಟ್ಟು, ಸಂಜೆ ಉಪಗ್ರಹಗಳು ಅಳೆದ ಸೂರ್ಯನ ಎಕ್ಸ್ ಕಿರಣದ ನಕ್ಷೆಯೊಂದಿಗೆ ತಾಳೆ ನೋಡಿ. ಎಫ್‌ಎಂ ಕೇಂದ್ರಗಳು ಇದಕ್ಕೆ ಜಗ್ಗುವುದಿಲ್ಲ.

ಎರಡನೆಯದು ಜಿಪಿಎಸ್, ಮತ್ತು ಇದು ನಮ್ಮ ಭಾಗದ ವಿಶೇಷ. ಭೂಮಿಯ ಕಾಂತ ಸಮಭಾಜಕ ಭಾರತದ ದಕ್ಷಿಣದ ತುದಿಯ ಬಳಿ ಹಾದುಹೋಗುತ್ತದೆ. ಅದಕ್ಕೆ ಹತ್ತಿರದ ಊರುಗಳ ಮೇಲೆ ಸೂರ್ಯ ಮುಳುಗಿದ ಬಳಿಕ ಅಯಾನುಗೋಳದಲ್ಲಿ ವಿರಳ ಪ್ಲಾಸ್ಮಾದ ಗುಳ್ಳೆಗಳು ಏಳುತ್ತವೆ. ಕಲೆಗಳು ಹೆಚ್ಚಿರುವ ವರ್ಷಗಳಲ್ಲಿ, ಅದರಲ್ಲೂ ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇದು ಜಾಸ್ತಿ. ಉಪಗ್ರಹಗಳ ಸಂಕೇತಬಲ ತೋರಿಸುವ ಆ್ಯಪ್ ಹಾಕಿಕೊಂಡು ಆ ತಿಂಗಳುಗಳಲ್ಲಿ ರಾತ್ರಿ ಎಂಟರಿಂದ ಹನ್ನೊಂದರ ನಡುವೆ ಬಯಲಿನಲ್ಲಿ ಮೊಬೈಲನ್ನು ಅಲುಗಿಸದೆ ಇಡಿ. ಆಕಾಶದ ಒಂದು ಭಾಗದ ಉಪಗ್ರಹಗಳ ಬಲ ಮಾತ್ರ ಸರಸರ ಏರಿಳಿದರೆ ಗುಳ್ಳೆಯೊಂದು ಹಾದುಹೋಗುತ್ತಿದೆ ಎಂದು ಊಹಿಸಬಹುದು. ಅದೇ ಜಾಗದಲ್ಲಿ ಹಗಲು ಹೇಗಿತ್ತೆಂಬುದನ್ನು ಮೊದಲು ನೋಡಿಟ್ಟುಕೊಳ್ಳಿ. ಹಲಸಿನ ಮರದ ಕೆಳಗೆ ಯಾವ ವರ್ಷವೂ ಸಂಕೇತ ಸರಿಯಿರುವುದಿಲ್ಲ.

ಕಾಂತಕ್ಷೇತ್ರದ ಏರುಪೇರನ್ನು ಮೊಬೈಲಿನ ದಿಕ್ಸೂಚಿಯಿಂದ ಹಿಡಿಯಲು ಹೋಗಬೇಡಿ. 2024ರ ಮೇ 10–11ರ ದೊಡ್ಡ ಭೂಕಾಂತ ಬಿರುಗಾಳಿಯಲ್ಲಿ ಸಮಭಾಜಕದ ಕಡೆಯ ಕ್ಷೇತ್ರ ಸುಮಾರು 400 ನ್ಯಾನೋಟೆಸ್ಲಾ (ಕಾಂತಕ್ಷೇತ್ರದ ಬಲ ಅಳೆಯುವ ಮಾನ) ಕುಗ್ಗಿತು. ನಮ್ಮಲ್ಲಿನ ಕ್ಷೇತ್ರ ಸುಮಾರು 40,000 ಇರುವಾಗ ಅದು ನೂರಕ್ಕೆ ಒಂದು; ಗದ್ದಲದಲ್ಲಿ ಮುಳುಗಿಹೋಗುತ್ತದೆ. ಆ ರಾತ್ರಿ ಲಡಾಖಿನ ಹಾನ್ಲೆಯ ಕ್ಯಾಮೆರಾಗಳು ಕೆಂಪು ಧ್ರುವಪ್ರಭೆಯನ್ನು (ಬಿರುಗಾಳಿಯ ಹೊತ್ತಿಗೆ ಆಕಾಶದಲ್ಲಿ ಮೂಡುವ ಬೆಳಕನ್ನು) ಹಿಡಿದವು. ಕೊಡಚಾದ್ರಿಯ ಮೇಲೆ ಕಾದು ಕುಳಿತರೆ ಅದು ಕಾಣುವುದಿಲ್ಲ. 1859ರ ಸೆಪ್ಟೆಂಬರ್ 2ರಂದು ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಉಪಕರಣ ಸುಮಾರು 1,600 ನ್ಯಾನೋಟೆಸ್ಲಾದ ಕುಸಿತವನ್ನು ದಾಖಲಿಸಿತ್ತು. ಅಂಥದ್ದು ಇಂದು ಮರುಕಳಿಸಿದರೆ ಉಪಗ್ರಹ, ಸಂಪರ್ಕ ಎಲ್ಲಕ್ಕೂ ಪೆಟ್ಟು ಬೀಳುತ್ತದೆ.

ವಿದ್ಯುತ್ ಜಾಲಕ್ಕೆ ಅಪಾಯ ಹೆಚ್ಚಿರುವುದು ಧ್ರುವಗಳಿಗೆ ಹತ್ತಿರದ ದೇಶಗಳಲ್ಲಿ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್‌ನಲ್ಲಿ ಸುಮಾರು 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿದ್ದರು. ಮಳೆಗಾಲದ ರಾತ್ರಿ ನಮ್ಮೂರಿನಲ್ಲಿ ಕರೆಂಟ್ ಹೋದರೆ ತಂತಿಯ ಮೇಲೆ ಬಿದ್ದ ಕೊಂಬೆಯನ್ನು ಹುಡುಕಿ, ಸೂರ್ಯನನ್ನಲ್ಲ.

ಎರಡು ಪುಸ್ತಕಗಳನ್ನು ಎದುರುಬದುರು ಇಡುವುದು

ಮಳೆ ಮತ್ತು ಕಲೆಯ ನಂಟಿನ ಮಾತು ಬರಿ ಹರಟೆಯಾಗಿ ಹುಟ್ಟಿದ್ದಲ್ಲ. 1876–78ರ ಮಹಾಕ್ಷಾಮ, ಮೈಸೂರು ಸೀಮೆಯವರು ಧಾತು–ಈಶ್ವರ ಸಂವತ್ಸರಗಳ ಬರವೆಂದು ನೆನೆದದ್ದು, ಕಲೆಗಳು ಕನಿಷ್ಠಕ್ಕೆ ಇಳಿಯುತ್ತಿದ್ದ ಕಾಲದಲ್ಲೇ ಬಂತು. 1877ರಲ್ಲಿ ಬ್ರಿಟಿಷ್ ಅಧಿಕಾರಿ ಡಬ್ಲ್ಯು. ಡಬ್ಲ್ಯು. ಹಂಟರ್, ಮದರಾಸಿನ ಮಳೆಯೂ 11 ವರ್ಷದ ಚಕ್ರದಲ್ಲಿ ಸುತ್ತುತ್ತದೆ ಎಂದು ವಾದಿಸಿದ. ಸೂರ್ಯನನ್ನು ಅರಿತರೆ ಮುಂಗಾರನ್ನು ಅರಿಯಬಹುದು ಎಂಬ ಆ ಕಾಲದ ಆಸೆ ಕೊಡೈಕೆನಾಲ್ ವೀಕ್ಷಣಾಲಯ ಹುಟ್ಟಿದ್ದಕ್ಕೂ ಒಂದು ಕಾರಣ. ಮುಂದೆ 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿ ಬಂದ ಗಣಿತಜ್ಞ ಗಿಲ್ಬರ್ಟ್ ವಾಕರ್, ಕಲೆಗಳನ್ನೂ ಅನೇಕ ಕೇಂದ್ರಗಳ ಮಳೆಯನ್ನೂ ಅಂಕಿಅಂಶದ ತಕ್ಕಡಿಗೆ ಹಾಕಿದ. ಮುನ್ಸೂಚನೆಗೆ ಒದಗುವಷ್ಟು ಗಟ್ಟಿ ನಂಟು ಸಿಗಲಿಲ್ಲ. ಆ ಹುಡುಕಾಟದ ದಾರಿಯಲ್ಲಿ ಅವನಿಗೆ ಸಿಕ್ಕಿದ್ದು ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ನಡುವೆ ವಾಯುಭಾರ ತೂಗುವ ಬಗೆ. ಎಲ್ ನಿನೋ (ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಕಾಯುವುದು) ಎಂದು ಇಂದು ಮಾತನಾಡುವಾಗ ಅದರ ಬೆನ್ನಿಗಿರುವುದು ಅದೇ. 1877–78ರಲ್ಲಿ ಬಲವಾದ ಎಲ್ ನಿನೋ ಇತ್ತೆಂದು ಈಗ ತಿಳಿದಿದೆ.

ನಮ್ಮ ನೆನಪಿನ ವರ್ಷಗಳನ್ನೇ ನೋಡಿ. 2009 ಕಲೆಗಳ ಕನಿಷ್ಠದ ಕಾಲ, ದೇಶದ ಮುಂಗಾರು ವಾಡಿಕೆಯ ಶೇ. 78. 2019 ಕೂಡ ಕನಿಷ್ಠದ ವರ್ಷ, ಮಳೆ ಶೇ. 110, ಆ ಆಗಸ್ಟಿನ ನೆರೆಯನ್ನು ಮಲೆನಾಡು ಮರೆತಿಲ್ಲ. 2002 ಗರಿಷ್ಠದ ಆಸುಪಾಸು, ಮಳೆ ಶೇ. 81. 2024 ಗರಿಷ್ಠ, ಮಳೆ ಶೇ. 108. ಅದರ ಹಿಂದಿನ ವರ್ಷ, ಕಲೆಗಳು ಏರುತ್ತಿದ್ದಾಗಲೇ, ಕರ್ನಾಟಕದ ಬಹುತೇಕ ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಬರವೂ ನೆರೆಯೂ ಚಕ್ರದ ಎರಡೂ ತುದಿಗಳಲ್ಲಿವೆ.

ಇದಕ್ಕೆ ಭೌತಿಕ ಕಾರಣವೂ ಸರಳ. ಚಕ್ರದ ಕನಿಷ್ಠಕ್ಕೂ ಗರಿಷ್ಠಕ್ಕೂ ನಡುವೆ ಸೂರ್ಯನ ಒಟ್ಟು ಬೆಳಕು ಬದಲಾಗುವುದು ಸುಮಾರು ಸಾವಿರಕ್ಕೆ ಒಂದು ಪಾಲು. ಜಗತ್ತಿನ ಸರಾಸರಿ ಉಷ್ಣತೆಯಲ್ಲಿ ಅದರ ಗುರುತು ಡಿಗ್ರಿಯ ಹತ್ತನೆಯ ಒಂದು ಭಾಗದಷ್ಟು. ವಿಚಿತ್ರವೆಂದರೆ ಕಲೆಗಳು ಹೆಚ್ಚಿದ್ದಾಗಲೇ ಬೆಳಕೂ ತುಸು ಹೆಚ್ಚು, ಏಕೆಂದರೆ ಅವುಗಳ ಸುತ್ತಲಿನ ಹೊಳಪಿನ ಪ್ರದೇಶಗಳು ಕಪ್ಪಿನ ನಷ್ಟವನ್ನು ತುಂಬಿ ಮಿಗಿಸುತ್ತವೆ.

ಆದರೂ ನಿಮ್ಮ ಮನೆಯ ಮಳೆ ಪುಸ್ತಕವನ್ನು ಪರೀಕ್ಷೆಗೆ ಹಚ್ಚಿ. ಒಂದು ಹಾಳೆಯಲ್ಲಿ ಅಡ್ಡಗೆರೆಗೆ ವರ್ಷದ ಸರಾಸರಿ ಸೌರಕಲೆ ಸಂಖ್ಯೆ, ಲಂಬಗೆರೆಗೆ ಆ ವರ್ಷದ ಜೂನ್–ಸೆಪ್ಟೆಂಬರ್ ಮಳೆ. ಒಂದು ವರ್ಷಕ್ಕೆ ಒಂದು ಚುಕ್ಕೆ. ಹಳೆಯ ವರ್ಷಗಳಿಗೆ ಬ್ರಸೆಲ್ಸ್‌ನ ಸಂಖ್ಯೆಗಳು ಸಿಗುತ್ತವೆ. ಚುಕ್ಕೆಗಳು ಓರೆಯಾಗಿ ಸಾಲುಗಟ್ಟಿದರೆ ನಂಟಿದೆ ಎಂದು ಅನುಮಾನಿಸಬಹುದು, ಚೆಲ್ಲಾಪಿಲ್ಲಿಯಾಗಿದ್ದರೆ ಇಲ್ಲ. ಒಂದು ಎಚ್ಚರ: 30 ವರ್ಷಗಳ ಪುಸ್ತಕ ದೊಡ್ಡದೆಂದು ಕಂಡರೂ ಅದರಲ್ಲಿರುವುದು ಮೂರಕ್ಕಿಂತ ಕಡಿಮೆ ಚಕ್ರಗಳು. ಮೂರು ಸಲದ ಹೊಂದಾಣಿಕೆ ಆಕಸ್ಮಿಕವಾಗಿಯೂ ಬರುತ್ತದೆ. ಹಂಟರ್ ಜಾರಿದ್ದು ಇಂಥ ಇಳಿಜಾರಿನಲ್ಲೇ.

ಎರಡನೆಯ ಬಲೆ ಇನ್ನೂ ನಯವಾದದ್ದು. ಈ ವರ್ಷದ ಕಲೆಗೆ ಈ ವರ್ಷದ ಮಳೆ ಹೊಂದದಿದ್ದರೆ ಮುಂದಿನ ವರ್ಷದ್ದನ್ನು ಹೊಂದಿಸುವುದು, ಅದೂ ಆಗದಿದ್ದರೆ ಬರೀ ಜುಲೈ, ಆಮೇಲೆ ಪುನರ್ವಸು ಮಳೆಯೊಂದೇ, ಆಮೇಲೆ ಹಿಂಗಾರು. ಹೀಗೆ ಹುಡುಕುತ್ತ ಹೋದರೆ ಯಾವುದೋ ಒಂದು ಹೊಂದಿಯೇ ಹೊಂದುತ್ತದೆ, ಮತ್ತು ಜನ ಹೇಳಿಕೊಂಡು ತಿರುಗುವುದು ಅದೊಂದನ್ನೇ. ಆದ್ದರಿಂದ ಹಾಳೆಗೆ ಮೊದಲ ಚುಕ್ಕೆ ಇಡುವ ಮುನ್ನವೇ ಮೂರು ಸಂಗತಿಗಳನ್ನು ಶಾಯಿಯಲ್ಲಿ ಬರೆದು ದಿನಾಂಕ ಹಾಕಿ, ಮನೆಯ ಇನ್ನೊಬ್ಬರಿಂದ ಸಹಿ ಮಾಡಿಸಿಡಿ: ಯಾವ ತಿಂಗಳುಗಳ ಮಳೆ, ಯಾವ ವರ್ಷದ ಕಲೆ ಸಂಖ್ಯೆ, ಎಷ್ಟು ವರ್ಷಗಳ ಲೆಕ್ಕ. ಪುಸ್ತಕದ ಮೊದಲರ್ಧದಲ್ಲಿ ಕಂಡ ಹೊಂದಾಣಿಕೆ ಎರಡನೆಯ ಅರ್ಧದಲ್ಲೂ ಅದೇ ದಿಕ್ಕಿನಲ್ಲಿ ಉಳಿದಿದೆಯೇ ಎಂದು ಬೇರೆಯಾಗಿ ನೋಡಿ. ಉಳಿಯದಿದ್ದರೆ ಆ ಹಾಳೆಯನ್ನೂ ಹರಿಯದೆ ಪುಸ್ತಕದಲ್ಲೇ ಅಂಟಿಸಿ.